ಮೇಣದಕ್ಕನ ಗಟ್ಟಿ ಸ್ಟ್ಯಾಂಡು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸಣ್ಣ ಸುಳ್ಳು. ಅದನ್ನು ಹೇಳಿದ್ದೂ ಬೆಳಗಿನ ಹೊತ್ತು, ಒಲೆಯ ಮೇಲೆ ಹಾಲಿಟ್ಟುಕೊಂಡು, ಫೋನಿನಲ್ಲಿ. ಒಂದು ಕಣ್ಣು ಹಾಲಿನ ಮೇಲಿರುವಾಗ ಪೂರ್ತಿ ಸತ್ಯ ಹೇಳುವುದು ಯಾರಿಗಾದರೂ ಕಷ್ಟವೇ.

"ಬೇಕರೀಲಿ ನಿಮ್ಮ ಚೀಟಿ ನೋಡ್ದೆ," ಎಂದಿತು ಆಚೆಯ ಹೆಣ್ಣುದನಿ. "ಮನೇಲೇ ಮಾಡಿದ ಮೇಣದಬತ್ತಿ, ಮನೇಲೇ ಮಾರಾಟ ಅಂತ ಬರ್ದಿದ್ದೀರಲ್ಲ. ಇವತ್ತು ಸಂಜೆ ಬಂದು ನೋಡಬಹುದಾ?"

"ಧಾರಾಳವಾಗಿ ಬನ್ನಿ," ಎಂದಳು ಮನೆಯಾಕೆ.

"ಎಲ್ಲಾ ಜೋಡಿಸಿ ಇಟ್ಟಿರ್ತೀರಾ? ನಂಗೆ ಜೋಡಿಸಿಟ್ಟಿದ್ದನ್ನೇ ನೋಡಬೇಕು."

"ಜೋಡಿಸದೆ ಹೇಗೆ ಮಾರ್ತಾರೆ, ಹೇಳಿ!"

"ಯಾವುದರ ಮೇಲೆ? ಗೋಡೆಗೆ ಹಲಗೆ ಹೊಡೆಸಿದ್ದೀರಾ, ಇಲ್ಲಾ ಸ್ಟ್ಯಾಂಡಾ?"

ಹಾಲು ಪಾತ್ರೆಯ ಕಂಠಕ್ಕೆ ಬಂದಿತ್ತು. "ಸ್ಟ್ಯಾಂಡು," ಎಂದಳು. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. "ಒಳ್ಳೇ ಗಟ್ಟಿ ಸ್ಟ್ಯಾಂಡು," ಎಂದು ಸೇರಿಸಿದಳು.

"ಗಟ್ಟಿ ಸ್ಟ್ಯಾಂಡು!" ಆಚೆಯ ದನಿ ಯಾವುದೋ ಕನಸಿನಲ್ಲಿ ಮಾತಾಡಿದ ಹಾಗೆ ಅದನ್ನೇ ಮತ್ತೊಮ್ಮೆ ಹೇಳಿತು. "ಹಾಗಾದ್ರೆ ಖಂಡಿತ ಬರ್ತೀನಿ."

ಫೋನು ಕಟ್ಟಾಯಿತು. ಹಾಲು ಉಕ್ಕಿತು.

ಅಕ್ಕಪಕ್ಕದವರು ಮೇಣದಕ್ಕ ಎಂದು ಕರೆಯುತ್ತಿದ್ದ ಆ ಹೆಂಗಸು ಒಲೆ ಒರೆಸುತ್ತ ನಿಂತಳು. ಅವಳ ಮನೆಯಲ್ಲಿ ಸ್ಟ್ಯಾಂಡು ಎಂಬುದೇ ಇರಲಿಲ್ಲ. ಮೇಣದಬತ್ತಿಗಳಿದ್ದವು. ಅವು ಇಲ್ಲದ ಜಾಗವನ್ನು ಹುಡುಕಬೇಕಿತ್ತು, ಅಷ್ಟೇ. ಫ್ರಿಜ್ಜಿನ ತಲೆಯ ಮೇಲೆ ಹೂವಿನ ಆಕಾರದವು, ಬಚ್ಚಲಿನ ಬಕೆಟ್ಟಿನಲ್ಲಿ ಉದ್ದನೆಯವು, ಗಂಡ ಹಾಕದೆ ಬಿಟ್ಟ ಬೂಟುಗಳೊಳಗೆ ಬೆರಳು ಗಾತ್ರದವು. ಗಾಜಿನ ಲೋಟದಲ್ಲಿ ಹೊಯ್ದ ದಪ್ಪ ಬತ್ತಿಗಳು, ಅಂದರೆ ಮುಕ್ಕಾಲು ಪಾಲು ಸರಕು, ಒಳಕೋಣೆಯ ಮಂಚದ ಮೇಲೆ ಹೊದಿಕೆ ಹೊದ್ದು ಮಲಗಿದ್ದವು. ಗಂಡ ಹೆಂಡತಿ ಹಾಲ್‌ನಲ್ಲಿ ನೆಲದ ಮೇಲೆ ಮಲಗುತ್ತಿದ್ದರು. ಗೊತ್ತಿಲ್ಲದವರು ಆ ಕೋಣೆಯ ಬಾಗಿಲು ತೆರೆದರೆ, ದೂರದ ನೆಂಟರು ಯಾರೋ ಗುಂಪಾಗಿ ಬಂದು ಸೆಂಟು ಹಾಕಿಕೊಂಡು ಒತ್ತೊತ್ತಾಗಿ ಮಲಗಿದ್ದಾರೆ ಅಂದುಕೊಳ್ಳಬೇಕು.

ಹಿಂದೆ ಒಂದು ಹಲಗೆ ಇತ್ತು. ಗಂಡ ಒಂದು ಭಾನುವಾರ ತನ್ನ ಕೈಯಾರೆ ಗೋಡೆಗೆ ಹೊಡೆದದ್ದು. ಅವನು ವಿದ್ಯುತ್ ಕಚೇರಿಯವನು. ಕರೆಂಟು ಹೋಗದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ, ಹೋಗಲಪ್ಪಾ ದೇವರೇ ಎಂದು ಕಾಯುವುದು ಹೆಂಡತಿಯ ಕೆಲಸ. ಇಂಥ ಸಂಸಾರದಲ್ಲಿ ಗಂಡ ಹೊಡೆದ ಹಲಗೆ ಎಷ್ಟು ಕಾಲ ನಿಂತೀತು? ಒಂದು ಮಧ್ಯಾಹ್ನ ಅತ್ತೆ ಸೀನಿದರು, ಹಲಗೆ ಬಿತ್ತು. ತನ್ನ ಸೀನಿಗೆ ಅಷ್ಟು ಬಲವಿದೆಯೆಂದು ಅತ್ತೆ ಒಪ್ಪಲಿಲ್ಲ. ಮಗನ ಮೊಳೆಯನ್ನೂ ದೂರಲಿಲ್ಲ. ತಪ್ಪು ಮೇಣದಬತ್ತಿಗಳದ್ದೇ ಎಂದು ತೀರ್ಪಾಯಿತು.

ಈಗಲೂ ಹಾಲ್‌ನ ಕಿಟಕಿಯ ಪಕ್ಕದ ಕುರ್ಚಿಯಿಂದ ಅವರ ದನಿ ಬಂತು. "ಹಾಲು ಉಕ್ಕಿಸಿದ್ಯಾ? ಉಕ್ಕಿಸು, ಉಕ್ಕಿಸು. ಇವತ್ತು ಸಂಜೆ ನನ್ನ ಮಗಳು ಬರ್ತಾಳೆ, ನೆನಪಿದೆ ತಾನೆ?"

"ಇದೆ ಅತ್ತೆ."

"ಸೊಂಟ ನೋವಿನವಳು. ಅವಳು ಎಲ್ಲಿ ಮಲಗ್ಬೇಕು? ನಿನ್ನ ಬತ್ತಿಗಳ ಮಧ್ಯೆ, ಒಂದು ದೊಡ್ಡ ಬತ್ತಿ ಥರಾನಾ?"

ಟಿಫಿನ್ ಡಬ್ಬಿ ಹಿಡಿದು ಹೊರಟಿದ್ದ ಗಂಡ ಬಾಗಿಲಲ್ಲಿ ನಿಂತು, ಬಹಳ ಹೊತ್ತಿನಿಂದ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದ. "ನೋಡು, ನಾನೇನೂ ಬೇಡ ಅಂದೋನಲ್ಲ. ಆದ್ರೆ ಅಕ್ಕ ಬರೋಹೊತ್ತಿಗೆ ಮಂಚ ಖಾಲಿ ಆಗಿರ್ಬೇಕು. ಆಗಿಲ್ಲ ಅಂದ್ರೆ ಈ ಮೇಣದ ಸಹವಾಸ ಇವತ್ತಿಗೇ ಮುಗೀತು. ಅಚ್ಚು, ದಾರ, ಪಾತ್ರೆ ಎಲ್ಲಾ ಗುಜರಿಗೆ."

ಮೇಣದಕ್ಕನಿಗೆ ಕೋಪಕ್ಕಿಂತ ಹೆಚ್ಚಾಗಿ ಒಂದು ಲೆಕ್ಕ ತಲೆಗೆ ಬಂತು. ಈ ಮನೆಯಲ್ಲಿ ಅತ್ತೆಗೆ ಕಿಟಕಿಯ ಪಕ್ಕದ ಕುರ್ಚಿ ಇದೆ. ಗಂಡನಿಗೆ ಬೀಗವಿರುವ ಡ್ರಾಯರು ಇದೆ. ಅವನ ಸ್ಕ್ರೂಡ್ರೈವರುಗಳಿಗೂ ಒಂದು ಮೂಲೆ ಇದೆ. ಅವಳಿಗೆ ಅಡುಗೆಮನೆ ಇದೆಯಲ್ಲ ಎನ್ನುತ್ತಾರೆ. ಆದರೆ ಅಡುಗೆಮನೆ ಅವಳು ನಿಂತಿರುವ ಜಾಗ, ಅವಳ ಜಾಗವಲ್ಲ. ಕೂದಲು ನರೆಯುವಷ್ಟು ಕಾಲ ಇಲ್ಲಿ ಬಾಳಿಯೂ, ಕೈಯಲ್ಲಿದ್ದದ್ದನ್ನು ಇಟ್ಟು, ತಿರುಗಿ ಬಂದಾಗ ಅದು ಅಲ್ಲೇ ಇರುತ್ತದೆ ಎಂದು ನಂಬಬಹುದಾದ ಒಂದು ಹಲಗೆಯಗಲ ಜಾಗ ಅವಳಿಗೆ ಸಿಕ್ಕಿರಲಿಲ್ಲ. ಸುಳ್ಳು ಹೇಳಿದ್ದಾಯಿತು. ಇನ್ನು ಅದನ್ನು ನಿಜ ಮಾಡುವುದೊಂದೇ ದಾರಿ. ಹೊಸ ಮೇಣ ತರಲೆಂದು ಡಬ್ಬಿಯಲ್ಲಿಟ್ಟಿದ್ದ ದುಡ್ಡನ್ನು ಪರ್ಸಿಗೆ ಹಾಕಿಕೊಂಡಳು. ಗಾಜಿನ ಲೋಟದ ಬತ್ತಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಚೀಲದಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.

ಕೆಳಗೆ ತೂಕದಣ್ಣ ನಿಂತಿದ್ದ. ಮೇಲಿನ ಮನೆಯವನು. ಹೆದ್ದಾರಿಯ ತೂಕದ ಕಟ್ಟೆಯಲ್ಲಿ ಲಾರಿಗಳನ್ನು ತೂಗಿ ತೂಗಿ ನಿವೃತ್ತನಾದವನು. ಲಾರಿಗಳು ಬರುವುದು ನಿಂತ ಮೇಲೆ ಮನುಷ್ಯರನ್ನು ಕಣ್ಣಲ್ಲೇ ತೂಗುತ್ತಿದ್ದ.

"ಸ್ವಲ್ಪ ಇಳಿದಿದ್ದೀರಲ್ಲ ತಂಗಿ! ಮನೇಲಿ ಏನಾದ್ರೂ ಚಿಂತೆಯಾ?"

ಯಾರಾದರೂ ಹಾಗೆ ಕೇಳಿ ಬಹಳ ಕಾಲವಾಗಿತ್ತು. ಮೇಣದಕ್ಕ ಎಲ್ಲವನ್ನೂ ಹೇಳಿಬಿಟ್ಟಳು. ಅದು ಆ ದಿನದ ಎರಡನೆಯ ತಪ್ಪು.

"ಸ್ಟ್ಯಾಂಡು ಆರಿಸೋದು ಅಂದ್ರೆ ಹುಡುಗಾಟ ಅಲ್ಲ," ಎಂದ ತೂಕದಣ್ಣ. ಅವನ ಕಣ್ಣುಗಳಲ್ಲಿ ಲಾರಿಯ ದೀಪಗಳಷ್ಟು ಬೆಳಕು. "ನಡೀರಿ, ನಾನೂ ಬರ್ತೀನಿ."

ಫರ್ನಿಚರ್ ಅಂಗಡಿಯಲ್ಲಿ ಟೈ ಕಟ್ಟಿದ್ದ ಸೇಲ್ಸ್‌ಮನ್ ಮೊದಲು ಗಾಜಿನ ಸ್ಟ್ಯಾಂಡು ತೋರಿಸಿದ.

"ಇದರ ಮೇಲೆ ಏನೇನು ಇಡಬಹುದು?" ಎಂದಳು ಮೇಣದಕ್ಕ.

"ಇಡೋದಾ?" ಅವನಿಗೆ ಆಶ್ಚರ್ಯವಾಯಿತು. "ಇದು ನೋಡೋಕಿರೋದು ಮೇಡಂ."

ಎರಡನೆಯದು ಬೆತ್ತದ್ದು. ತೂಕದಣ್ಣ ಅದರ ಮುಂದೆ ಕೆಮ್ಮಿದ. ಅದು ಬಲಗಡೆಗೆ ವಾಲಿ, ಸ್ವಲ್ಪ ಯೋಚಿಸಿ, ಎಡಗಡೆಗೆ ವಾಲಿತು. ಮನೆಯಲ್ಲಿ ಸೀನುವವರಿದ್ದಾರೆ ಎಂದು ಮೇಣದಕ್ಕ ಮುಂದೆ ನಡೆದಳು. ಮೂರನೆಯದು ಮರದ ಪುಡಿಯನ್ನು ಒತ್ತಿ ಮಾಡಿದ್ದು, ಹೊಳೆಯುವ ಬಿಳಿ ಬಣ್ಣ. ಅವಳು ಚೀಲದಿಂದ ಬತ್ತಿ ತೆಗೆದು ನಡುವೆ ಇಟ್ಟಳು. ಹಲಗೆ ಕೆಳಗೆ ಬಾಗಿ ಮುಗುಳ್ನಕ್ಕಿತು.

"ಎಷ್ಟು ಬತ್ತಿ ಇಡ್ತೀರಾ ಮೇಡಂ?"

"ಒಂದು ಮಂಚದಷ್ಟು."

ಸೇಲ್ಸ್‌ಮನ್ ತೂಕದಣ್ಣನ ಮುಖ ನೋಡಿದ. ತೂಕದಣ್ಣ ಅಳತೆ ಸರಿಯಾಗಿದೆ ಎನ್ನುವಂತೆ ತಲೆದೂಗಿದ.

"ಗಟ್ಟಿ ಇದೆ ಮೇಡಂ, ನಂಬಿಕೆ ಇಡಿ. ಬೇಕಾದ್ರೆ ನಾನೇ ಒರಗಿಕೊಳ್ತೀನಿ, ನೋಡಿ," ಎಂದು ಅವನು ಟೈ ಸರಿಮಾಡಿಕೊಂಡು ಒರಗಿದ. ಸ್ಟ್ಯಾಂಡೂ ಅವನ ಜೊತೆಗೇ ಒರಗಿತು. ಇಬ್ಬರೂ ಹಿಂದಿದ್ದ ಸೋಫಾದ ಮೇಲೆ ಅಕ್ಕಪಕ್ಕದಲ್ಲಿ ಕುಳಿತರು. ಸೇಲ್ಸ್‌ಮನ್ ಎದೆಗುಂದಲಿಲ್ಲ. ಕುಳಿತಲ್ಲಿಂದಲೇ ಕೇಳಿದ, "ಸೋಫಾ ಏನಾದ್ರೂ ನೋಡ್ತೀರಾ ಮೇಡಂ?"

ಹೊರಗೆ ಬಿಸಿಲು ಏರಿತ್ತು. ಮೇಣದಕ್ಕನ ಚಿಂತೆಯೂ ಏರಿತ್ತು. ಸಂಜೆ ಬರುವವಳು ದೊಡ್ಡ ವ್ಯಾಪಾರಿಯೇ ಇರಬೇಕು. ಇಲ್ಲದಿದ್ದರೆ ಜೋಡಿಸಿದ ರೀತಿಯ ಬಗ್ಗೆ ಅಷ್ಟೊಂದು ಕೇಳುತ್ತಾಳೆಯೇ? ಅಂಥವಳನ್ನು ಮಂಚದ ಹತ್ತಿರ ಕರೆದುಕೊಂಡು ಹೋಗಿ ಹೊದಿಕೆ ಸರಿಸಿ, ನೋಡಿ, ನಿದ್ದೆ ಮಾಡ್ತಿದ್ದಾವೆ ಎನ್ನುವುದೇ?

"ತಂಗಿ, ಬೇಜಾರಾಗಬೇಡಿ," ಎಂದ ತೂಕದಣ್ಣ. "ಇವೆಲ್ಲ ಹೂದಾನಿ ಇಡೋ ಜಾತಿ. ನಿಮಗೆ ಬೇಕಾಗಿರೋದು ಬೇರೆ."

ಅವನು ಅವಳನ್ನು ಕರೆದುಕೊಂಡು ಹೋದದ್ದು ಗುಜರಿ ಅಂಗಡಿಗೆ. ಹಿಂದಿನ ಅಂಗಳದಲ್ಲಿ, ಮುರಿದ ಸೈಕಲ್ಲುಗಳ ನಡುವೆ, ಅದು ನಿಂತಿತ್ತು. ನಾಲ್ಕು ಕಬ್ಬಿಣದ ಕಾಲು, ಮೈತುಂಬ ಬೋಲ್ಟು, ದಪ್ಪ ತಗಡಿನ ಹಲಗೆಗಳು. ಬಣ್ಣ ಯಾವುದೆಂದು ಅದಕ್ಕೇ ಮರೆತಿತ್ತು.

"ಲಾರಿ ಇಂಜಿನ್ ಗೋಡೌನ್‌ನಲ್ಲಿ ಇದ್ದಿದ್ದು," ಎಂದ ಗುಜರಿಯವನು. "ಗೋಡೌನ್ ಬಿತ್ತು. ಇದು ಬೀಳಲಿಲ್ಲ."

ಮೇಣದಕ್ಕ ಮೊದಲು ಬೆರಳಿನಿಂದ ತಳ್ಳಿದಳು. ಆಮೇಲೆ ಅಂಗೈಯಿಂದ. ಆಮೇಲೆ ಆಚೀಚೆ ನೋಡಿ ಭುಜ ಕೊಟ್ಟು ತಳ್ಳಿದಳು. ಅದು ಮಿಸುಕಲಿಲ್ಲ. ಅವಳ ಸಂಸಾರದಲ್ಲಿ ಎಷ್ಟು ತಳ್ಳಿದರೂ ಅಲುಗದ್ದು ಇದುವರೆಗೆ ಅತ್ತೆಯೊಬ್ಬರೇ ಆಗಿದ್ದರು. ಅವಳಿಗೆ ಆ ತುಕ್ಕು ಕಬ್ಬಿಣದ ಮೇಲೆ ಥಟ್ಟನೆ ಒಂದು ಮಮತೆ ಹುಟ್ಟಿತು. ಕೈಯಿಟ್ಟ ಕಡೆ ಅದು ತಣ್ಣಗಿತ್ತು. ನೀನು ಏನು ಬೇಕಾದರೂ ಇಡು, ನಾನು ಇರುತ್ತೇನೆ ಎಂದು ಅದು ಹೇಳಿದ ಹಾಗಾಯಿತು. ಇಷ್ಟು ವರ್ಷಗಳಲ್ಲಿ ಅವಳಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

"ಇದೇ," ಎಂದಳು.

ಬಿಚ್ಚಿ, ಸಾಮಾನಿನ ಗಾಡಿಗೆ ಹೇರಿ, ಮೆಟ್ಟಿಲು ಹತ್ತಿಸುವಷ್ಟರಲ್ಲಿ ಇಡೀ ಕಟ್ಟಡಕ್ಕೆ ವಿಷಯ ಗೊತ್ತಾಯಿತು. ಒಂದು ಕಬ್ಬಿಣದ ಕಾಲು ತಿರುವಿನಲ್ಲಿ ಸಿಕ್ಕಿಕೊಂಡು, ಮೇಲಿದ್ದವರು ಕೆಳಗಿಳಿಯದ ಹಾಗೆ, ಕೆಳಗಿದ್ದವರು ಮೇಲೆ ಹತ್ತದ ಹಾಗೆ ಆಯಿತು. ಸಿಕ್ಕಿಕೊಂಡವರಲ್ಲಿ ಎದುರುಮನೆಯ ಟೀಚರಮ್ಮನೂ ಒಬ್ಬರು. ನಿವೃತ್ತರಾಗಿ ಮಕ್ಕಳನ್ನು ಗದರುವ ಅವಕಾಶ ತಪ್ಪಿದ ಮೇಲೆ ಅವರು ದೊಡ್ಡವರನ್ನು ತಿದ್ದುತ್ತಿದ್ದರು.

"ಎಡಕ್ಕೆ! ನಾನು ಎಡ ಅಂದ್ರೆ ನಿಮ್ಮ ಬಲ ಅಲ್ಲ, ನನ್ನ ಎಡ!" ಎಂದು ಗಾಡಿಯವನಿಗೆ ಹೇಳಿ ಹೇಳಿ, ಕೊನೆಗೆ ಕಾಲು ಬಿಡಿಸಿದರು. ಬಿಡಿಸಿದ ಹಕ್ಕಿನಿಂದ ಅವರೂ ಒಳಗೆ ಬಂದರು.

ಮಧ್ಯಾಹ್ನದ ಹೊತ್ತಿಗೆ ಆ ಕಬ್ಬಿಣದ ರ‍್ಯಾಕು ಹಾಲ್‌ನಲ್ಲಿ ಎದ್ದುನಿಂತಿತು. ಬೇರೆ ಎಲ್ಲೂ ಹಿಡಿಸಲಿಲ್ಲ. ಅತ್ತೆಯ ಕುರ್ಚಿಗೂ ಕಿಟಕಿಗೂ ನಡುವೆ ಮಾತ್ರ ಸರಿಯಾಗಿ ಕೂತಿತು.

"ನಂಗೆ ಬೀದಿ ಕಾಣ್ತಿಲ್ಲ," ಎಂದರು ಅತ್ತೆ.

"ಹಲಗೆಗಳ ಸಂದಿಯಿಂದ ಕಾಣುತ್ತಲ್ಲ ಅತ್ತೆ."

"ನಾನೇನು ಜೈಲಿನಲ್ಲಿದ್ದೀನಾ ಸಂದಿಯಿಂದ ನೋಡೋಕೆ?"

ಮೇಣದಕ್ಕ ಅದನ್ನು ಕೇಳಿಸಿಕೊಳ್ಳದೆ ಒದ್ದೆ ಬಟ್ಟೆಯಿಂದ ಹಲಗೆಗಳನ್ನು ಒರೆಸಿದಳು. ಮೇಲೆ ಹೂಗಳು, ಅದರ ಕೆಳಗೆ ಗಾಜಿನವು ಬಣ್ಣದ ಪ್ರಕಾರ, ಕೆಳಗೆ ಉದ್ದನೆಯವು. ಮನಸ್ಸಿನಲ್ಲಿ ಆಗಲೇ ಎಲ್ಲವೂ ಜೋಡಿಸಿಟ್ಟಾಗಿತ್ತು. ಒಳಗೆ ಹೋಗಿ ತಟ್ಟೆ ತುಂಬ ಬತ್ತಿ ತಂದಳು.

"ನಿಲ್ಲಿ ತಂಗಿ!" ತೂಕದಣ್ಣ ಕೈಯಡ್ಡ ಹಿಡಿದ. "ಭಾರ ಹಾಕಿ ನೋಡದೆ ಇಟ್ಟುಬಿಡ್ತೀರಾ? ಬಂದವರ ಮುಂದೆ ಬಿದ್ರೆ?"

"ಇಂಜಿನ್ ಹೊತ್ತಿದ್ದು ಅಣ್ಣಾ ಇದು!"

"ಅದು ಆಗ. ಈಗ ವಯಸ್ಸಾಗಿದೆ. ನನ್ನನ್ನೇ ನೋಡಿ." ಅವನು ಮೇಲೆ ಓಡಿ, ಕೆಲಸ ಬಿಡುವಾಗ ನೆನಪಿಗೆಂದು ತಂದಿಟ್ಟುಕೊಂಡಿದ್ದ ಕಬ್ಬಿಣದ ತೂಕದ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದ. ಇಟ್ಟ. ರ‍್ಯಾಕು ಅಲುಗಲಿಲ್ಲ.

"ಅದು ಒಂದೇ ಕಡೆ ಭಾರ," ಎಂದು ಟೀಚರಮ್ಮ ತಿದ್ದಿದರು. "ಸಮನಾಗಿ ಹರಡಬೇಕು. ಇರಿ, ಬಂದೆ." ಅವರು ತಮ್ಮ ಮನೆಯಿಂದ ದಪ್ಪ ರಟ್ಟು ಹಾಕಿಸಿದ ಹಳೆಯ ಮಾಸಪತ್ರಿಕೆಗಳನ್ನು ತರತೊಡಗಿದರು. ತರುತ್ತಲೇ ಇದ್ದರು. ಒಂದು ಹಲಗೆ ತುಂಬಿತು, ಇನ್ನೊಂದು ತುಂಬಿತು. ರ‍್ಯಾಕು ಅಲುಗಲಿಲ್ಲ. ನೆರೆದವರು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಅಕ್ಕ ಬರುವಳೆಂದು ಅರ್ಧ ದಿನ ರಜೆ ಹಾಕಿ ಗಂಡ ಬಂದ. ಬಾಗಿಲಲ್ಲೇ ನಿಂತು ರ‍್ಯಾಕನ್ನು ನೋಡಿದ. ಹೆಂಡತಿ ಬೈಗುಳಕ್ಕೆ ಸಿದ್ಧಳಾದಳು. ಅವನು ಹತ್ತಿರ ಬಂದು ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಮದುವೆಯಲ್ಲೂ ತೋರಿಸದಿದ್ದ ಸಂತೋಷ ತೋರಿಸಿದ.

"ಎಂಥಾ ಮಾಲು! ನಿಂಗೆ ಇಷ್ಟು ಬುದ್ಧಿ ಇದೆ ಅಂತ ಗೊತ್ತಿರಲಿಲ್ಲ ನೋಡು."

ಅವನು ಒಳಗೆ ಹೋಗಿ ಇನ್ವರ್ಟರ್ ಬ್ಯಾಟರಿಯನ್ನು ತಬ್ಬಿಕೊಂಡು ಬಂದು ಕೆಳಗಿನ ಹಲಗೆಯ ಮೇಲೆ ಕೂರಿಸಿದ. ಕರೆಂಟು ಹೋದಾಗ ಮೇಣದಬತ್ತಿ ಬೇಕಿಲ್ಲದ ಹಾಗೆ ಮಾಡುವ ಆ ಯಂತ್ರ ಮೇಣದಬತ್ತಿಯ ಸ್ಟ್ಯಾಂಡಿನಲ್ಲಿ ಹೊಸ ಅಳಿಯನಂತೆ ಠೀವಿಯಿಂದ ಕೂತಿತು.

"ಸರಿ, ಪರೀಕ್ಷೆ ಆಯ್ತು," ಎಂದಳು ಮೇಣದಕ್ಕ. ತಟ್ಟೆ ಹಿಡಿದಿದ್ದ ಅವಳ ಕೈ ಸೋತಿತ್ತು. "ಇನ್ನು ಎಲ್ಲಾ ತೆಗೀತೀರಾ?"

ಯಾರೂ ಅಲುಗಲಿಲ್ಲ. ರ‍್ಯಾಕಿನ ಗುಣ ಅವರಿಗೂ ಬಂದಂತಿತ್ತು.

"ತೆಗೆಯೋದಾ? ಒಂದು ರಾತ್ರಿ ಭಾರ ನಿಲ್ಲಬೇಕು ತಂಗಿ. ಆಗಲೇ ಸರಿಯಾದ ಪರೀಕ್ಷೆ," ಎಂದ ತೂಕದಣ್ಣ. "ಅಲ್ಲದೆ ನನ್ನ ಮೊಣಕಾಲು..."

"ನಮ್ಮನೇಲಿ ಈಗ ಎಷ್ಟು ಗಾಳಿ ಬರ್ತಿದೆ ಗೊತ್ತಾ?" ಎಂದರು ಟೀಚರಮ್ಮ. ಅವರ ಕಣ್ಣು ತೇವವಾಗಿತ್ತು. "ಆ ಗೋಡೆ ಬಣ್ಣ ಏನು ಅಂತಾನೇ ಮರೆತುಹೋಗಿತ್ತು. ಹಳದಿ! ಮನಸ್ಸಿಗೆ ಎಷ್ಟು ಹಗುರ ಅನ್ನಿಸ್ತಿದೆ ಅಂದ್ರೆ... ನಿಮ್ಮಲ್ಲಿ ಇಷ್ಟು ಗಟ್ಟಿ ಸ್ಟ್ಯಾಂಡು ಇದೆ, ಇದ್ಕೊಂಡು ಹೋಗ್ಲಿ ಬಿಡಿ."

"ಬ್ಯಾಟರಿ ನೆಲದ ಮೇಲಿದ್ರೆ ತೇವ ಎಳ್ಕೊಳ್ಳುತ್ತೆ," ಎಂದ ಗಂಡ.

"ನನ್ನ ಹೊಲಿಗೆ ಮಿಷನ್ನೂ ಎತ್ತಿಡು ಮಗಾ," ಎಂದರು ಅತ್ತೆ. ಬೀದಿ ಕಾಣುವುದಿಲ್ಲ ಎಂಬ ದೂರು ಯಾವಾಗಲೋ ಆರಿಹೋಗಿತ್ತು. "ಕಾಲಿಗೆ ತಗುಲುತ್ತೆ ಅಂತ ಎಷ್ಟು ದಿನದಿಂದ ಹೇಳ್ತಿದ್ದೀನಿ."

ಹೊಲಿಗೆ ಮಿಷನ್ನು ಖಾಲಿಯಿದ್ದ ಇನ್ನೊಂದು ಹಲಗೆಗೆ ಏರಿತು. ಉಳಿದದ್ದು ಎಲ್ಲಕ್ಕಿಂತ ಮೇಲಿನದೊಂದೇ. ಮೇಣದಕ್ಕ ಸ್ಟೂಲು ಹತ್ತಿ, ತಲೆಗೆ ಫ್ಯಾನು ತಗುಲದ ಹಾಗೆ ಬಗ್ಗಿ, ಹೂವಿನ ಬತ್ತಿಗಳನ್ನು ಸಾಲಾಗಿ ಇಟ್ಟಳು. ಕೊನೆಯದನ್ನು ಇಡುವಾಗ ಕೆಳಗಿನಿಂದ ಅತ್ತೆಯ ದನಿ ಬಂತು.

"ಮೇಲಿನದು ನನ್ನ ಮಗಳ ಸೂಟ್‌ಕೇಸಿಗೆ. ಅವಳಿಗೆ ಬಗ್ಗಿ ತೆಗೆಯೋಕಾಗಲ್ಲ."

"ಹತ್ತಿ ತೆಗೆಯೋಕಾಗುತ್ತಾ ಅತ್ತೆ?"

"ಹತ್ತೋಕೆ ನೀನಿದ್ದೀಯಲ್ಲ."

ಹೂಗಳು ಒಂದೊಂದಾಗಿ ಇಳಿದು, ತಟ್ಟೆಯೇರಿ, ಒಳಕೋಣೆಯ ಮಂಚಕ್ಕೆ ಮರಳಿದವು. ಫ್ರಿಜ್ಜಿನ ಮೇಲಿದ್ದ ಹೂಗಳೂ ಈಗ ಅಲ್ಲಿಗೇ ಸೇರಿದ್ದರಿಂದ ಮಂಚ ಬೆಳಿಗ್ಗೆಗಿಂತ ಹೆಚ್ಚು ತುಂಬಿತ್ತು.

ಮನೆಯಲ್ಲಿ ಚಿಲಕವಿರುವ ಜಾಗ ಬಚ್ಚಲೊಂದೇ. ಮೇಣದಕ್ಕ ಒಳಗೆ ಹೋಗಿ ಚಿಲಕ ಹಾಕಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ನಲ್ಲಿ ತಿರುಗಿಸಿದಳು, ಅಳುವ ಸದ್ದು ಹೊರಗೆ ಕೇಳದಿರಲೆಂದು. ಪಕ್ಕದ ಬಕೆಟ್ಟಿನಿಂದ ಉದ್ದನೆಯ ಬತ್ತಿಗಳು ಕುತ್ತಿಗೆ ಚಾಚಿ ಅವಳನ್ನು ನೋಡಿದವು. ಗೋಡೆಯ ಆ ಹಳೆಯ ಹಲಗೆ ಇದ್ದಾಗ, ಅದು ಬೀಳುತ್ತದೆಂಬ ಹೆದರಿಕೆಗೆ ಯಾರೂ ಅದರ ಮೇಲೆ ಏನೂ ಇಡುತ್ತಿರಲಿಲ್ಲ. ಅದು ಅವಳದೇ ಆಗಿತ್ತು. ಗಟ್ಟಿಯಾದದ್ದು ಎಲ್ಲರದೂ ಆಗಿಬಿಡುತ್ತದೆ. ತಾನೂ ಹಾಗೆಯೇ ಅಲ್ಲವೇ ಎಂದು ಯೋಚನೆ ಬಂತು. ಒಂದು ದಿನ ಜ್ವರ ಬಂದು ಬಿದ್ದಿದ್ದರೆ, ಒಂದು ಮಾತಿಗೆ ಕುಸಿದಿದ್ದರೆ, ಜನ ಸ್ವಲ್ಪ ನೋಡಿಕೊಂಡು ಭಾರ ಹಾಕುತ್ತಿದ್ದರೇನೋ. ಬೀಳಲಿಲ್ಲ ನೋಡಿ, ಅದೇ ತಪ್ಪಾಯಿತು.

ಕರೆಗಂಟೆ ಹೊಡೆಯಿತು.

ಬಂದವಳು ಅವಳದೇ ವಯಸ್ಸಿನ, ಗುಂಡಗಿನ ಹೆಂಗಸು. ಕೈಯಲ್ಲೊಂದು ದೊಡ್ಡ ಚೀಲ, ಬೆರಳ ತುದಿಗಳಲ್ಲಿ ಸುಟ್ಟ ಸಣ್ಣ ಕಲೆಗಳು. ಮೇಣದಕ್ಕ ಕಣ್ಣೊರೆಸಿಕೊಂಡು, "ಬನ್ನಿ, ಬತ್ತಿಗಳು ಸ್ವಲ್ಪ... ಒಳಗಿವೆ," ಎಂದು ಶುರು ಮಾಡಿದಳು.

ಬಂದವಳು ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ನೆಟ್ಟಗೆ ರ‍್ಯಾಕಿನ ಮುಂದೆ ಹೋಗಿ ನಿಂತಳು. ತೂಕದ ಕಲ್ಲು, ಮಾಸಪತ್ರಿಕೆ, ಹೊಲಿಗೆ ಮಿಷನ್ನು, ಬ್ಯಾಟರಿ, ಎಲ್ಲವನ್ನೂ ಮೇಲಿನಿಂದ ಕೆಳಗೆ ನೋಡಿದಳು. ಒಂದು ಕಾಲನ್ನು ಬೆರಳಿನಿಂದ ತಳ್ಳಿದಳು. ಆಮೇಲೆ ಅಂಗೈಯಿಂದ. ಆಮೇಲೆ ಭುಜ ಕೊಟ್ಟು.

"ಅಲುಗೋದೇ ಇಲ್ಲ," ಎಂದಳು.

"ನಾನು ಹೇಳಿದ್ನಲ್ಲ," ಎಂದ ತೂಕದಣ್ಣ.

"ಅಕ್ಕಾ, ಕೈ ಮುಗಿದು ಕೇಳ್ತೀನಿ. ಇದನ್ನ ನಂಗೆ ಕೊಡ್ತೀರಾ?"

"ಇದನ್ನಾ? ಮೇಣದಬತ್ತಿ ಬೇಡ್ವಾ?"

"ಅಯ್ಯೋ, ಮೇಣದಬತ್ತಿ!" ಅವಳು ಅಲ್ಲೇ ಟೀಚರಮ್ಮನ ಪಕ್ಕದಲ್ಲಿ ಸುತ್ತಿಟ್ಟಿದ್ದ ಹಾಸಿಗೆಯ ಮೇಲೆ ಕುಸಿದಳು. "ನಾನೂ ಮಾಡ್ತೀನಲ್ಲ ಅಕ್ಕಾ. ನಮ್ಮನೇಲಿ ಕಾಲಿಡೋಕೆ ಜಾಗ ಇಲ್ಲ. ಎರಡು ಸ್ಟ್ಯಾಂಡು ಮುರೀತು. ಮಂಚದ ಮೇಲೆಲ್ಲಾ ಬತ್ತಿ, ನಾವು ಕೆಳಗೆ ಮಲಗ್ತೀವಿ. ನಮ್ಮ ಮಾವ ಇವತ್ತೇ ಎಲ್ಲಾ ಬಿಸಾಕ್ತೀನಿ ಅಂದ್ರು. ಬೇಕರೀಲಿ ನಿಮ್ಮ ಚೀಟಿ ನೋಡ್ದಾಗ ಅನ್ನಿಸ್ತು, ಮನೇಲೇ ಮಾರೋರು ಅಂದ್ರೆ ಎಲ್ಲಿಡೋದು ಅಂತ ಇವರಿಗೆ ಗೊತ್ತಿರುತ್ತೆ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ ಅಂತ."

ಮೇಣದಕ್ಕ ದಿನವಿಡೀ ಕಾದ ದೊಡ್ಡ ವ್ಯಾಪಾರಿ ಕರಗಿ, ಕನ್ನಡಿಯಲ್ಲಿ ಕಾಣುವ ಅವಳದೇ ಮುಖದ ಹಾಗೆ ಎದುರು ಕೂತಿದ್ದಳು.

ಉಳಿದವರು ಒಟ್ಟಿಗೇ ಬಾಯಿಬಿಟ್ಟರು. "ಕೊಡೋದಾ? ಸಾಧ್ಯವೇ ಇಲ್ಲ!" ಎಂದರು ಟೀಚರಮ್ಮ. "ನನ್ನ ಪುಸ್ತಕ ಎಲ್ಲಿಡೋದು?"

"ಪರೀಕ್ಷೆ ಮುಗಿದಿಲ್ಲ," ಎಂದ ತೂಕದಣ್ಣ.

"ನಮ್ಮ ಮನೆ ಸಾಮಾನಮ್ಮಾ ಅದು," ಎಂದ ಗಂಡ.

"ನನ್ನ ಮಗಳು ಸೂಟ್‌ಕೇಸ್ ತಲೆ ಮೇಲೆ ಇಟ್ಕೋಬೇಕಾ?" ಎಂದರು ಅತ್ತೆ.

ಮೇಣದಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಡಲೇ ಎಂದು ಅವರಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ಕೊಡ್ತೀರಾ ಎಂದು ಕೇಳಿದವಳು ಈ ಅಪರಿಚಿತೆ ಒಬ್ಬಳೇ.

"ರ‍್ಯಾಕು ನನ್ನದು," ಎಂದಳು. ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಅವಳೇ ಒಮ್ಮೆ ಹಿಂತಿರುಗಿ ನೋಡಿದಳು, ಯಾರು ಮಾತಾಡಿದ್ದೆಂದು. "ನಾನು ತಂದಿದ್ದು. ಕೊಡ್ತೀನಿ. ನಂಗೆ ಬಿದ್ದ ಬೆಲೆ ಕೊಟ್ಟು ತಗೊಂಡು ಹೋಗಮ್ಮಾ. ನಿಮ್ಮ ನಿಮ್ಮ ಸಾಮಾನು ನೀವು ನೀವು ಇಳಿಸ್ಕೊಳ್ಳಿ."

ಆಮೇಲೆ ತೂಕದಣ್ಣ ಮೊಣಕಾಲು ನೀವಿಕೊಳ್ಳುತ್ತ ಕಲ್ಲುಗಳನ್ನು ಹೊತ್ತ. ಟೀಚರಮ್ಮ ಮಾಸಪತ್ರಿಕೆಗಳನ್ನು ಎದೆಗೊತ್ತಿಕೊಂಡು ತಮ್ಮ ಹಳದಿ ಗೋಡೆಯನ್ನು ಮುಚ್ಚಲು ಹೋದರು. ಗಂಡ ಹೊಲಿಗೆ ಮಿಷನ್ನನ್ನು ಅತ್ತೆಯ ಕಾಲಬುಡಕ್ಕೆ, ಬ್ಯಾಟರಿಯನ್ನು ಮತ್ತೆ ತೇವಕ್ಕೆ ಮರಳಿಸಿದ. ಗಾಡಿಯವನು ಬಂದ, ಬೋಲ್ಟು ಬಿಚ್ಚಿದ, ಹೊತ್ತುಕೊಂಡು ಹೋದ.

"ಒಂದಾದ್ರೂ ಬತ್ತಿ ತಗೊಳ್ಳಿ, ನೆನಪಿಗೆ," ಎಂದಳು ಮೇಣದಕ್ಕ ಬಾಗಿಲಲ್ಲಿ.

"ಬೈಬೇಡಿ ಅಕ್ಕಾ, ಎಲ್ಲಿಡ್ಲಿ?" ಎಂದು ಆ ಹೆಂಗಸು ಅವಳ ಎರಡೂ ಕೈ ಹಿಡಿದು ಅತ್ತು, ಮೆಟ್ಟಿಲಿಳಿದಳು.

ಕಿಟಕಿಯಿಂದ ಸಂಜೆಯ ಬೆಳಕು ಮತ್ತೆ ಹಾಲ್‌ಗೆ ಬಂತು. ರ‍್ಯಾಕು ನಿಂತಿದ್ದ ಕಡೆ ಖಾಲಿ ನೆಲ ಚೌಕಾಕಾರವಾಗಿ ಹೊಳೆಯಿತು. ಅದನ್ನು ನೋಡುತ್ತ ನಿಂತ ಮೇಣದಕ್ಕನಿಗೆ ದಿನದಲ್ಲೇ ಮೊದಲ ಸಲ ಒಂದು ಒಳ್ಳೆಯ ಯೋಚನೆ ಬಂತು. ನಾಳೆ ಬೆಳಿಗ್ಗೆ ಟೈ ಕಟ್ಟಿದವನ ಅಂಗಡಿಗೆ ಹೋಗಿ ಆ ಬೆತ್ತದ ಸ್ಟ್ಯಾಂಡನ್ನೇ ತರಬೇಕು. ಕೆಮ್ಮಿದರೆ ವಾಲುವಂಥದ್ದು. ಒಂದು ಹಲಗೆಗೆ ನಾಲ್ಕೇ ಬತ್ತಿ ಇಟ್ಟರೂ ಸರಿ, ಅದರ ಮೇಲೆ ಯಾರೂ ಸೂಟ್‌ಕೇಸ್ ಇಡುವ ಧೈರ್ಯ ಮಾಡಲಾರರು. ಇವತ್ತಿನ ಮಟ್ಟಿಗೆ, ಈ ಖಾಲಿ ಚೌಕ ಸಾಕು. ಅವಳು ಹಳೆಯ ಹೊದಿಕೆ ಹಾಸಿ, ಒಳಕೋಣೆಯಿಂದ ತಟ್ಟೆ ತಟ್ಟೆಯಾಗಿ ಬತ್ತಿಗಳನ್ನು ತಂದು ನೆಲದ ಮೇಲೆಯೇ ಸಾಲಾಗಿ, ಬಣ್ಣದ ಪ್ರಕಾರ ಜೋಡಿಸಿದಳು. ನೋಡಲು ಚೆಂದವಾಗಿತ್ತು. ಅತ್ತೆ ಕೂಡ ಸೀನನ್ನು ತಡೆದುಕೊಂಡರು. ಮಂಚ ಖಾಲಿಯಾಯಿತು. ತೊಳೆದ ಹಾಸಿಗೆ ಬಟ್ಟೆ ಹಾಸಿ, ದಿಂಬು ತಟ್ಟಿ ಇಟ್ಟಳು. ಗಂಡ ಇಣುಕಿ ನೋಡಿ, ಗುಜರಿಯ ಮಾತೆತ್ತದೆ ಹೋದ.

ಇನ್ನೇನು ಬರಲಿದ್ದ ಅತ್ತಿಗೆಗೆಂದು ಒಲೆಯ ಮೇಲೆ ಹಾಲಿಟ್ಟಳು. ಫೋನು ರಿಂಗಾಯಿತು.

"ಅಕ್ಕಾ, ನಾನು!" ಅದೇ ದನಿ. "ಸ್ಟ್ಯಾಂಡು ಎಂಥಾ ಗಟ್ಟಿ ಅಕ್ಕಾ! ನಮ್ಮ ಮಾವ ಅಂತೂ ನೋಡಿ ಕುಣಿದಾಡಿಬಿಟ್ರು. ಅವರ ಹಳೇ ಸ್ಕೂಟರಿನ ಭಾಗ ಎಲ್ಲಾ ಮೇಲಿಟ್ರು. ಪಕ್ಕದ ಮನೆಯವರು ಟ್ರಂಕ್ ತಂದಿಟ್ರು. ಪೂರ್ತಿ ತುಂಬಿಹೋಯ್ತು."

"ನಿಮ್ಮ ಬತ್ತಿ?"

ಆಚೆಯಿಂದ ಮೂಗು ಎಳೆದುಕೊಂಡ ಸದ್ದು. ಅದರ ಹಿಂದೆ ನಲ್ಲಿಯಿಂದ ನೀರು ಬೀಳುವ ಸದ್ದು. ಮೇಣದಕ್ಕನಿಗೆ ಅವಳು ಯಾವ ಜಾಗದಲ್ಲಿ ಕೂತಿದ್ದಾಳೆಂದು ತಕ್ಷಣ ತಿಳಿಯಿತು.

"ಬತ್ತಿ ಎಲ್ಲಾ ಹೊರಗೆ ಹಾಕ್ಬಿಟ್ರು ಅಕ್ಕಾ. ನಿಮ್ಮನೆ ಹಾಲ್‌ನಲ್ಲಿ ಜಾಗ ಖಾಲಿ ಆಯ್ತಲ್ಲ ಅಂತ ನೆನಪಾಯ್ತು. ಅದೇ ಗಾಡಿಯವರ ಕೈಲಿ ಕಳಿಸಿದ್ದೀನಿ, ಇಷ್ಟು ಹೊತ್ತಿಗೆ ಬಂದಿರ್ಬೇಕು. ಕೇಳದೆ ಕಳಿಸಿದ್ದು ತಪ್ಪು. ಸ್ವಲ್ಪ ದಿನ, ಅಷ್ಟೇ. ಹಾಲ್‌ನಲ್ಲಿ ಇಲ್ದಿದ್ರೆ ಮಂಚದ ಮೇಲಾದ್ರೂ... ಜಾಗ ಇದೆಯಾ ಅಕ್ಕಾ?"

ಹಾಲು ಪಾತ್ರೆಯ ಕಂಠಕ್ಕೆ ಬಂದಿತ್ತು.

"ಇದೆ," ಎಂದಳು ಮೇಣದಕ್ಕ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. "ಬೇಕಾದಷ್ಟಿದೆ," ಎಂದು ಸೇರಿಸಿದಳು.

ಫೋನು ಕಟ್ಟಾಯಿತು. ಹಾಲು ಉಕ್ಕಿತು. ಕರೆಗಂಟೆ ಹೊಡೆಯಿತು.

ಬಾಗಿಲು ತೆರೆದರೆ, ಮೇಲಿಂದ ಮೇಲೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳ ಹಿಂದೆ ಗಾಡಿಯವನು. ಅವನ ಹಿಂದೆ, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈ ಸೊಂಟದ ಮೇಲೆ, ಅತ್ತಿಗೆ. ಮೆಟ್ಟಿಲು ಹತ್ತಿ ಇಬ್ಬರಿಗೂ ಏದುಸಿರು ಬಂದಿತ್ತು. ಇಬ್ಬರೂ ಒಂದೇ ಸಲ ಕೇಳಿದರು.

"ಮಂಚ ಎಲ್ಲಿದೆ?"